ಐನೂರು ರೂಪಾಯಿಯ ಒಗ್ಗರಣೆ

ಸಂಸಾರವನ್ನು ನಡೆಸಿದವರಿಗೆ ಒಂದು ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ತಿಂಗಳ ಖರ್ಚಿನಲ್ಲಿ ಅಕ್ಕಿ, ಬೇಳೆ, ಬಾಡಿಗೆ ಇವುಗಳಿಗೆ ಹೋಗುವ ಹಣವೇ ಬಹುಭಾಗ. ಸಾಸಿವೆ, ಇಂಗು, ಕರಿಬೇವುಗಳಿಗೆ ಹೋಗುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೂ ಒಗ್ಗರಣೆಯಿಲ್ಲದ ಸಾರನ್ನು ಮಕ್ಕಳ ಮುಂದೆ ಬಡಿಸಿದರೆ ತಟ್ಟೆಯು ಹೇಗೆ ಹಿಂದಕ್ಕೆ ಬರುವುದೆಂಬುದನ್ನು ಬಲ್ಲ ಗೃಹಿಣಿಯರು ಆ ಅಲ್ಪವನ್ನು ಅಲ್ಪವೆನ್ನಲಾರರು.

ಪಾಠಶಾಲೆಯ ವಿಷಯವೂ ಹೀಗೆಯೇ ಎಂದು ನಮ್ಮ ಅನುಭವ. ಕಟ್ಟಡ, ಉಪಾಧ್ಯಾಯರ ಸಂಬಳ, ಪಠ್ಯಪುಸ್ತಕ, ಮಧ್ಯಾಹ್ನದ ಊಟ ಇವೆಲ್ಲ ಅಕ್ಕಿ ಬೇಳೆಗಳ ಸ್ಥಾನದಲ್ಲಿರತಕ್ಕವು. ಇವುಗಳಿಲ್ಲದೆ ಶಾಲೆಯೇ ಇಲ್ಲ. ಬರಿಯ ಒಗ್ಗರಣೆಯಿಂದ ಯಾರ ಹೊಟ್ಟೆಯೂ ತುಂಬದು. ಆದರೆ ಮಗುವು ಕೈಯಾರೆ ಮುಟ್ಟಿ, ಎತ್ತಿ, ಎಣಿಸಿ, ಬೇಕಾದರೆ ಮುರಿದು ನೋಡುವ ಮಣಿ, ತಕ್ಕಡಿ, ಬಣ್ಣದ ಕಾಗದ, ಕಥೆಯ ಪುಸ್ತಕ ಇವುಗಳಿಗೆ ಬೇಕಾಗುವ ಹಣ ಬಹು ಸ್ವಲ್ಪ. ಆ ಸ್ವಲ್ಪವು ಸಕಾಲದಲ್ಲಿ ಉಪಾಧ್ಯಾಯರ ಕೈಗೇ ಬಂದರೆ ಏನಾಗುವುದು, ಬಾರದಿದ್ದರೆ ಏನಾಗುವುದು ಎಂಬುದನ್ನು ಮೂವತ್ತಾರು ವರ್ಷ ಹಳ್ಳಿಯ ಶಾಲೆಗಳಲ್ಲಿ ಕಳೆದ ನಾವು ಎರಡು ವಿಧವಾಗಿಯೂ ಕಂಡಿರುವೆವು.

ಈಗ ಇದನ್ನು ಬರೆಯಲು ಕಾರಣವಾದುದು ನಮ್ಮ ತಂಗಿಯ ಮಗಳು. ಅವಳು ಪ್ರಾಥಮಿಕ ಶಾಲೆಯೊಂದರಲ್ಲಿ ಹೊಸದಾಗಿ ಉಪಾಧ್ಯಾಯಿನಿಯಾಗಿ ಸೇರಿದವಳು. ಕಳೆದ ದಸರೆಯ ರಜದಲ್ಲಿ ನಮ್ಮ ಮನೆಗೆ ಬಂದವಳು ಕಾಫಿಯ ಲೋಟವನ್ನು ಕೆಳಗಿಡುತ್ತಾ, "ದೊಡ್ಡಮ್ಮ, ನಮ್ಮ ಶಾಲೆಯಲ್ಲಿ ಅರುವತ್ತು ಮಕ್ಕಳು. ವರ್ಷಕ್ಕೆ ಇಪ್ಪತ್ತೈದು ಸಾವಿರ ಅನುದಾನ. ಕರೆಂಟು, ಸುಣ್ಣ ಬಣ್ಣ, ರಿಪೇರಿ, ಶುಚಿ ಮಾಡಿಸೋದು ಎಲ್ಲಾ ಕಳೆದು ನನ್ನ ತರಗತಿಗೆ ಎರಡು ಸಾವಿರ ಅಂತ ಹೇಳಿದ್ದಾರೆ. ಇಷ್ಟರಲ್ಲಿ ಏನು ಮಾಡಲಿ?" ಎಂದು ಕೇಳಿದಳು.

ನಾವು ಬಾಯಿ ತೆರೆಯುವುದಕ್ಕೆ ಮೊದಲೇ ನಮ್ಮ ಯಜಮಾನರು, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದರು. ಅವರು ಅಂಚೆ ಕಛೇರಿಯಲ್ಲಿ ಲೆಕ್ಕ ಬರೆದು ಕೂದಲು ನೆರೆಸಿದವರು. ಅವರ ಮಾತಿಗೆ ಹುಡುಗಿ ನಕ್ಕಳು. ನಮಗೆ ನಗು ಬರಲಿಲ್ಲ. ಇದೇ ಗಾದೆಯನ್ನು ಇಪ್ಪತ್ತೈದು ವರ್ಷಗಳಿಗೂ ಹಿಂದೆ ಇದೇ ಜಗಲಿಯಲ್ಲಿ ಅವರು ನಮಗೂ ಹೇಳಿದ್ದುಂಟು. ಆ ಸಂಜೆ ಅವಳಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುವೆವು. ನಮ್ಮ ತಪ್ಪುಗಳನ್ನು ಹೇಳದೆ ಈ ವಿಷಯವನ್ನು ಹೇಳಲಾಗದು. ಆದುದರಿಂದ ಅವುಗಳಿಂದಲೇ ಆರಂಭಿಸುವೆವು.

ನಾವು ಕೆಲಸಕ್ಕೆ ಸೇರಿದುದು ೧೯೭೮ರಲ್ಲಿ. ಅನಂತರ ಬಹುಕಾಲ ಇದ್ದುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬಂಡೂರು ಕುರಿಗಳೆಂದು ಹೆಸರಾದ ತಳಿಯ ಸೀಮೆ ಅದು. ಹಳ್ಳಿಯ ಅನೇಕ ಮನೆಗಳಲ್ಲಿ ಕುರಿಗಳಿದ್ದುವು. ಶಾಲೆಗೆ ಬರುವ ಹುಡುಗರ ಅಂಗಿಗಳಲ್ಲಿ ಕುರಿಹಟ್ಟಿಯ ವಾಸನೆಯೂ ಇರುತ್ತಿದ್ದಿತು. ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ನಾಲ್ಕು ತರಗತಿಗಳು. ನಮ್ಮ ಬೋಧನೋಪಕರಣವೆಂದರೆ ಒಂದು ಕಪ್ಪು ಹಲಗೆ, ಸೀಮೆಸುಣ್ಣ, ಗಂಟಲು, ಮತ್ತು ಒಂದು ಹುಣಸೆಯ ಬರಲು.

ದೇಶದ ಎಲ್ಲ ಪ್ರಾಥಮಿಕ ಶಾಲೆಗಳಿಗೂ ಕನಿಷ್ಠಪಕ್ಷ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ಅವಶ್ಯವಾದ ಬೋಧನೆಯ ಸಾಮಗ್ರಿ ಇರತಕ್ಕದ್ದೆಂದು ಕೇಂದ್ರ ಸರ್ಕಾರವು ೧೯೮೭ರಲ್ಲಿ 'ಆಪರೇಷನ್ ಬ್ಲಾಕ್‌ಬೋರ್ಡ್' ಎಂಬ ಯೋಜನೆಯನ್ನು ಕೈಗೊಂಡಿತು. ಅದರ ಫಲವಾಗಿ ಕೆಲವು ವರ್ಷಗಳಲ್ಲಿ ನಮ್ಮ ಶಾಲೆಗೂ ಒಂದು ದಿನ ಎತ್ತಿನ ಗಾಡಿಯಲ್ಲಿ ಪೆಟ್ಟಿಗೆಗಳು ಬಂದಿಳಿದುವು. ವಿಜ್ಞಾನದ ಪೆಟ್ಟಿಗೆ, ಗಣಿತದ ಪೆಟ್ಟಿಗೆ, ನಕ್ಷೆಗಳು, ಆಟದ ಸಾಮಾನುಗಳು, ಡೋಲು, ತಾಳ, ಕೆಲವು ಪುಸ್ತಕಗಳು, ಒಂದು ಗಂಟೆ. ಮಕ್ಕಳೆಲ್ಲ ಬಾಗಿಲಲ್ಲಿ ಮುತ್ತಿಕೊಂಡು ನೋಡಿದರು. ಗಣಿತದ ಪೆಟ್ಟಿಗೆಯಲ್ಲಿ ಹತ್ತು ಹತ್ತರಂತೆ ಪೋಣಿಸಿದ ಮಣಿಗಳೂ ಒಂದು ಪುಟ್ಟ ತಕ್ಕಡಿಯೂ ಇದ್ದುದು ನಮಗೆ ಚೆನ್ನಾಗಿ ನೆನಪಿದೆ.

ಆ ಸಾಮಾನುಗಳನ್ನು ನಾವು ಏನು ಮಾಡಿದೆವು? ದಾಸ್ತಾನು ಪುಸ್ತಕದಲ್ಲಿ ಒಂದೊಂದನ್ನೂ ಬರೆದು, ಬೀರುವಿನಲ್ಲಿ ಅಂದವಾಗಿ ಜೋಡಿಸಿ, ಬೀಗ ಹಾಕಿದೆವು. ಒಡೆದರೆ ಉತ್ತರ ಹೇಳಬೇಕಾದವರು ನಾವು. ಕಳೆದರೆ ಸಂಬಳದಲ್ಲಿ ಹಿಡಿಯುವರೆಂಬ ಭಯ. ಅವುಗಳನ್ನು ಹೇಗೆ ಉಪಯೋಗಿಸಬೇಕೆಂದು ನಮಗೆ ಯಾರೂ ತೋರಿಸಿಕೊಟ್ಟಿರಲಿಲ್ಲವೆಂಬುದು ನಿಜ. ನಿಮಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲವೆಂಬುದೂ ನಿಜ. ಆದರೆ ಬೀಗದ ಕೈ ಇದ್ದುದು ನಮ್ಮ ಸೆರಗಿನ ಗಂಟಿನಲ್ಲಿಯೇ. ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರು ಬೀರುವನ್ನು ತೆರೆಸಿ, ಎಲ್ಲವೂ ಹೊಸದಾಗಿಯೇ ಇರುವುದನ್ನು ಕಂಡು ಸಂತೋಷಪಟ್ಟು ಹೋಗುವರು. ನಾವೂ ಅದನ್ನೇ ದಕ್ಷತೆಯೆಂದು ಭಾವಿಸಿಕೊಂಡಿದ್ದೆವು.

೧೯೯೨ರಲ್ಲಿ ಮೂರನೆಯ ತರಗತಿಯಲ್ಲಿ ಕುರಿ ಸಾಕುವವರ ಮನೆಯ ಒಬ್ಬ ಹುಡುಗನಿದ್ದನು. ವಯಸ್ಸು ಒಂಬತ್ತು. ಸಂಜೆ ಹಿಂಡು ಮನೆಗೆ ಬರುವಾಗ ಗೂಡಿನ ಬಾಗಿಲಲ್ಲಿ ನಿಂತು ಐವತ್ತು ಅರುವತ್ತು ಕುರಿಗಳನ್ನು ಕಣ್ಣಿನಲ್ಲಿಯೇ ಎಣಿಸಿ, ಎರಡು ಕಡಮೆಯಾಗಿದ್ದರೆ ಥಟ್ಟನೆ ಹೇಳುವನು. ಅಂತಹವನಿಗೆ ಹಲಗೆಯ ಮೇಲೆ ಐವತ್ತೆರಡರಲ್ಲಿ ಹದಿನೇಳನ್ನು ಕಳೆಯೆಂದರೆ ದಿಕ್ಕು ತಪ್ಪುತ್ತಿದ್ದಿತು. ಎರಡರಲ್ಲಿ ಏಳು ಹೋಗದು. ಪಕ್ಕದ ಮನೆಯಿಂದ ಸಾಲ ತರಬೇಕೆಂದು ನಾವು ಕೂಗಿ ಹೇಳುವೆವು. ಅವನು ಒಂದು ದಿನ, "ತಂದ ಸಾಲಾನ ಯಾವಾಗ ತೀರ್ಸೋದು ಟೀಚರಮ್ಮ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅವನು ತಮಾಷೆಗೆ ಕೇಳಿದುದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದನು. ನಾವು ಅದನ್ನು ತುಂಟತನವೆಂದೆಣಿಸಿ ಬೆಂಚಿನ ಮೇಲೆ ನಿಲ್ಲಿಸಿದೆವು. ಹತ್ತರ ಸರವೊಂದನ್ನು ಬಿಚ್ಚಿ ಅವನ ಅಂಗೈಯ ಮೇಲೆ ಹತ್ತು ಮಣಿಗಳನ್ನು ಸುರಿದಿದ್ದರೆ ಆ 'ಸಾಲ'ವೆಂದರೇನೆಂದು ಒಂದು ಗಳಿಗೆಯಲ್ಲಿ ತಿಳಿಯುತ್ತಿದ್ದಿತು. ಮಣಿಗಳು ಹತ್ತು ಹೆಜ್ಜೆ ದೂರದ ಬೀರುವಿನಲ್ಲಿದ್ದುವು.

ಸಂಕ್ರಾಂತಿಯಾದ ಮೇಲೆ ಹುಡುಗನು ಬರಲಿಲ್ಲ. ಮನೆಯ ಹತ್ತಿರ ಹೋದೆವು. ತಂದೆಯು ಕಂಬಳಿಯನ್ನು ಕೊಡವಿ ಹಾಸಿ ಕುಳ್ಳಿರಿಸಿ, "ಅವನಿಗೆ ಓದು ಹತ್ತಾಕಿಲ್ಲ ಕಣ್ರವ್ವ. ಅಲ್ಲಿ ನಿಂತ್ಕಂಡು ನಗಿಸ್ಕಳೋ ಬದ್ಲು ಕುರಿನಾದ್ರೂ ಕಾಯ್ಲಿ," ಎಂದನು. ಬಡತನವೂ ಕಾರಣವೇ, ಇನ್ನೂ ಹಲವು ಕಾರಣಗಳಿದ್ದಿರಬಹುದು. ಆದರೂ ಆ 'ನಗಿಸ್ಕಳೋ' ಎಂಬ ಮಾತು ನಮ್ಮ ಪಾಲಿಗೆ ಬಂದುದು. ಅದನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸುವಂತಿಲ್ಲ.

ಇದಾದ ಕೆಲವು ವರ್ಷಗಳ ಮೇಲೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಿತು. ೧೯೯೪ರಲ್ಲಿ ಹೊರಟ ಈ ಕಾರ್ಯಕ್ರಮಕ್ಕೆ ಕರ್ನಾಟಕದಲ್ಲಿ ಮೊದಲು ಆರಿಸಿದುದು ಮಂಡ್ಯ, ಕೋಲಾರ, ಬೆಳಗಾವಿ, ರಾಯಚೂರು ಎಂಬ ನಾಲ್ಕು ಜಿಲ್ಲೆಗಳನ್ನು. ಅದರಲ್ಲಿ ಶಾಲೆಗೆ ವರ್ಷಕ್ಕೆ ೨,೦೦೦ ರೂಪಾಯಿ, ಒಬ್ಬೊಬ್ಬ ಉಪಾಧ್ಯಾಯರಿಗೂ ಪಾಠದ ಉಪಕರಣಗಳಿಗಾಗಿ ೫೦೦ ರೂಪಾಯಿ ಎಂದು ಏರ್ಪಾಡಾಯಿತು. ೨೦೦೧ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನವು ಇದೇ ಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಹಿಂದೆ ಸಾಮಾನು ಬರುತ್ತಿದ್ದಿತು. ಈಗ ಹಣ ಬಂದಿತು. ಏನನ್ನು ಕೊಳ್ಳಬೇಕೆಂಬುದನ್ನು ಮಕ್ಕಳ ಎದುರಿಗೆ ನಿಲ್ಲುವವರೇ ತೀರ್ಮಾನಿಸತಕ್ಕದ್ದು. ಈ ವ್ಯತ್ಯಾಸವು ಕಾಗದದ ಮೇಲೆ ಚಿಕ್ಕದಾಗಿ ಕಂಡರೂ ತರಗತಿಯಲ್ಲಿ ಬಹು ದೊಡ್ಡದು.

ಅಂದು ಯಜಮಾನರು ಮಜ್ಜಿಗೆಯ ಗಾದೆಯನ್ನು ಹೇಳಿದರು. ಮೊದಲನೆಯ ವರ್ಷದ ಮಟ್ಟಿಗೆ ಅವರ ಮಾತೇ ಸತ್ಯವಾಯಿತು. ಹಣವು ನಮ್ಮ ಕೈಗೆ ಸಿಕ್ಕಿದುದು ಫೆಬ್ರವರಿ ತಿಂಗಳಲ್ಲಿ; ಮಾರ್ಚಿ ಮುಗಿಯುವುದರೊಳಗೆ ಖರ್ಚು ಮಾಡಿ ರಸೀತಿ ಒಪ್ಪಿಸಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ನಾವು ಪೇಟೆಯ ಒಂದು ಅಂಗಡಿಗೆ ಹೋಗಿ, ಅವನು ಕಟ್ಟಿಟ್ಟಿದ್ದ ಅಚ್ಚಿನ ಚಿತ್ರಪಟಗಳ ಕಂತೆಯೊಂದನ್ನು ಕೊಂಡುತಂದೆವು. ಹಣ್ಣುಗಳು, ಹಕ್ಕಿಗಳು, ದೇಶಭಕ್ತರು. ಹರಿಯಬಾರದೆಂದು ಗೋಡೆಯ ಮೇಲೆ, ಮಕ್ಕಳ ಕೈಗಷ್ಟೇ ಅಲ್ಲ, ಕಣ್ಣಿಗೂ ಎಟುಕದ ಎತ್ತರದಲ್ಲಿ ತೂಗುಹಾಕಿದೆವು. ಎರಡು ಮಳೆಗಾಲಗಳಲ್ಲಿ ಅವುಗಳಿಗೆ ಗೆದ್ದಲು ಹಿಡಿಯಿತು. ಬೀರುವಿನ ಬದಲು ಗೋಡೆ, ಅಷ್ಟೇ.

ಎರಡನೆಯ ವರ್ಷದ ಹಣ ಸ್ವಲ್ಪ ಮುಂಚಿತವಾಗಿ ಬಂದಿತು. ಆ ವೇಳೆಗೆ ಉಪಾಧ್ಯಾಯರ ತರಬೇತಿಯೊಂದಕ್ಕೆ ಹೋಗಿ ಬಂದಿದ್ದೆವು. ಅಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಾತು ಬಂದುದು. ೧೯೯೫ರಲ್ಲಿ ಆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಗ್ರಾಮಶಾಲೆಗಳ ಕ್ರಮವನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ 'ನಲಿ ಕಲಿ' ಎಂಬ ಪದ್ಧತಿಯನ್ನು ಆರಂಭಿಸಿದ್ದರು. ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಗೋಡೆಗೆ ಕಲಿಕೆಯ ಏಣಿಯೊಂದನ್ನು ಬರೆದು, ಮಗುವು ತನ್ನ ಮೆಟ್ಟಿಲನ್ನು ತಾನೇ ನೋಡಿ ಕಾರ್ಡನ್ನು ತೆಗೆದುಕೊಂಡು ಕಲಿಯುವ ಕ್ರಮ ಅದು. ಕಾರ್ಡುಗಳನ್ನು ಮಾಡಿದವರು ಉಪಾಧ್ಯಾಯರೇ. ೨೦೦೯ನೆಯ ಇಸವಿಯ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂದಿತು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ೧೯೭೨ರಲ್ಲಿ ಹದಿನಾರು ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣದ ಪ್ರಯೋಗವನ್ನೂ ಹೇಳಿದರು. ಅಲ್ಲಿ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವಿನ ರಬ್ಬರ್ ಕೊಳವೆಯಿಂದ ಜೋಡಿಸಿ ತ್ರಿಕೋನ, ಚೌಕ, ಮನೆ, ಗೋಪುರಗಳನ್ನು ಕಟ್ಟುವರಂತೆ. ನಮಗೆ ಮೊದಲು ನಾಚಿಕೆಯಾಯಿತು. ಆಮೇಲೆ ಧೈರ್ಯ ಬಂದಿತು.

ಈ ಸಲ ಅಂಗಡಿಗೆ ಹೋಗುವ ಮೊದಲು ಒಂದು ವಾರ ಮಕ್ಕಳನ್ನು ನೋಡುತ್ತಾ ಕುಳಿತೆವು. ಯಾವ ಪಾಠದಲ್ಲಿ ಯಾರ ಮುಖ ಬಾಡುವುದೆಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆವು. ಆ ಚೀಟಿಯನ್ನೇ ಹಿಡಿದು ಮಳವಳ್ಳಿಯ ಸಂತೆಗೆ ಹೋದೆವು. ಗೃಹಸ್ಥರು ಲೆಕ್ಕವನ್ನು ಕಂಡರೆ ಮಾತ್ರ ನಂಬುವರಾದುದರಿಂದ ಆ ದಿನದ ಲೆಕ್ಕವನ್ನು ನಮ್ಮ ಹಳೆಯ ಪುಸ್ತಕದಿಂದ ಎತ್ತಿ ಬರೆಯುವೆವು. ದಿನಸಿಯಂಗಡಿಯವನು ಬದಲಾಯಿಸುತ್ತಿದ್ದ ಹಳೆಯ ತಕ್ಕಡಿ, ಬೊಟ್ಟುಗಳ ಸಮೇತ, ೭೫ ರೂಪಾಯಿ. ಎರಡು ಅಯಸ್ಕಾಂತ ಮತ್ತು ಒಂದು ಭೂತಕನ್ನಡಿ, ೪೫. ಗಾಜಿನ ಮಣಿ ಮತ್ತು ದಾರ, ೪೦. ದಪ್ಪ ಕಾಗದ, ಬಣ್ಣ, ಅಂಟು, ೧೧೦. ದರ್ಜಿಯ ಅಳತೆಯ ಟೇಪು, ೧೦. ಲೀಟರು, ಅರ್ಧ ಲೀಟರಿನ ಅಳತೆಗಳು, ೪೦. ಕೈಯಿಂದ ಮುಳ್ಳುಗಳನ್ನು ತಿರುಗಿಸಬಹುದಾದ ಕೆಟ್ಟ ಗಡಿಯಾರ, ೬೦. ನ್ಯಾಷನಲ್ ಬುಕ್ ಟ್ರಸ್ಟಿನವರ ನೆಹರೂ ಬಾಲ ಪುಸ್ತಕಾಲಯ ಮೊದಲಾದ ಮಾಲೆಗಳ ಒಂಬತ್ತು ಚಿತ್ರಕಥೆಯ ಪುಸ್ತಕಗಳು, ೧೨೦. ಸರಿಯಾಗಿ ಐನೂರು. ಬಸ್ಸಿನ ಖರ್ಚು ನಮ್ಮದು.

ಮರುದಿನದಿಂದ ತರಗತಿಯ ಬಣ್ಣವೇ ಬೇರೆಯಾಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗುವುದು. ಮೊದಲ ವಾರ ಆದುದು ಗದ್ದಲ, ಜಗಳ, ಮತ್ತು ಒಂದು ಅಳತೆಪಾತ್ರೆಯ ಕಿವಿ ಮುರಿದುದು. ಆದರೆ ಹದಿನೈದು ದಿನಗಳಲ್ಲಿ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದುವು. ತಕ್ಕಡಿಯ ಒಂದು ತಟ್ಟೆಗೆ ಹುಣಸೆಬೀಜಗಳನ್ನೂ ಇನ್ನೊಂದಕ್ಕೆ ಬೆಣಚುಕಲ್ಲನ್ನೂ ಹಾಕಿ, ಸಮವಾಗಬೇಕಾದರೆ ಇನ್ನು ಎಷ್ಟು ಬೀಜ ಬೇಕೆಂದು ಮಕ್ಕಳು ಪಂದ್ಯ ಕಟ್ಟತೊಡಗಿದರು. ಸಮ ಎಂಬ ಗುರುತಿನ ಅರ್ಥವನ್ನು ನಾವು ಎಂಟು ದಿನ ಹೇಳಿದ್ದರೂ ಅಷ್ಟು ತಿಳಿಯುತ್ತಿರಲಿಲ್ಲ. ಟೇಪನ್ನು ಹಿಡಿದು ಬಾಗಿಲು, ಬೇಲಿ, ನಾಯಿಯ ಬಾಲ, ನಮ್ಮ ಜಡೆ ಎಲ್ಲವನ್ನೂ ಅಳೆದರು. ಕಥೆಯ ಪುಸ್ತಕಗಳನ್ನು ಮನೆಗೆ ಕೊಟ್ಟೆವು. ಓದು ಬಾರದ ತಾಯಿಯೊಬ್ಬಳು ರಾಗಿ ಬೀಸುತ್ತಾ ಮಗಳಿಂದ ಒಂದೇ ಕಥೆಯನ್ನು ನಾಲ್ಕು ರಾತ್ರಿ ಓದಿಸಿ ಕೇಳಿದಳೆಂದು ತಿಳಿಯಿತು. ಆ ಮಗಳು ಅದುವರೆಗೆ ತರಗತಿಯಲ್ಲಿ ತುಟಿಪಿಟಕ್ಕೆನ್ನದವಳು. ಐದನೆಯ ದಿನ ತಾನಾಗಿ ಎದ್ದು ನಿಂತು ಓದಿದಳು.

ಹಾಗಾದರೆ ಇವೆಲ್ಲ ಹಣದಿಂದಲೇ ಆದುವೇ? ಹುಣಸೆಬೀಜಕ್ಕೆ ಕಾಸು ಬೇಡ. ಹತ್ತು ಕಡ್ಡಿಗಳನ್ನು ನಾರಿನಲ್ಲಿ ಕಟ್ಟುವುದಕ್ಕೂ ಬೇಡ. ಹಾಗಿರಲು ೧೯೯೨ರಲ್ಲಿಯೇ ಇದನ್ನು ಮಾಡುವುದಕ್ಕೆ ನಮಗೇನಾಗಿದ್ದಿತು? ಈ ಪ್ರಶ್ನೆಯನ್ನು ನಾವು ನಮ್ಮನ್ನೇ ಅನೇಕ ಸಾರಿ ಕೇಳಿಕೊಂಡಿರುವೆವು. ನಮಗೆ ತೋರುವ ಉತ್ತರವಿದು. ಮೇಲಿನಿಂದ ಬಂದ ಸಾಮಾನನ್ನು ಕಾಯುವುದೇ ನಮ್ಮ ಕೆಲಸವೆಂದು ತಿಳಿದಿದ್ದೆವು. 'ಇದೋ ಐನೂರು ರೂಪಾಯಿ, ನಿಮ್ಮ ಮಕ್ಕಳಿಗೆ ಬೇಕಾದುದನ್ನು ನೀವೇ ನೋಡಿ ತನ್ನಿ' ಎಂದಾಗ ಮಕ್ಕಳಿಗೆ ಬೇಕಾದುದೇನೆಂದು ನೋಡುವ ಹೊಣೆ ನಮ್ಮ ಮೇಲೆ ಬಿದ್ದಿತು. ನೋಡಿದ ಮೇಲೆ ಹುಣಸೆಬೀಜವೂ ಕಣ್ಣಿಗೆ ಬಿದ್ದಿತು. ಸೊಸೆಗೆ ಸಂತೆಯ ದುಡ್ಡನ್ನು ಕೊಟ್ಟು ಕಳುಹಿಸಿದ ದಿನದಿಂದ ಅವಳು ಹಿತ್ತಲಿನ ಸೊಪ್ಪನ್ನೂ ಗಮನಿಸತೊಡಗುವಳೆಂದು ಹಿರಿಯರು ಹೇಳುವುದುಂಟಷ್ಟೆ.

ದಾಸ್ತಾನು ಪುಸ್ತಕದ ಭಯವೊಂದು ಉಳಿದಿದ್ದಿತು. ಅದರಲ್ಲಿ 'ಬಳಕೆಯಿಂದ ಸವೆದುದು' ಎಂಬ ಒಂದು ಅಂಕಣವನ್ನು ನಾವೇ ಗೀರಿದೆವು. ಆ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳೊಬ್ಬರು ಅದನ್ನು ನೋಡಿ ಕನ್ನಡಕವನ್ನು ಮೇಲೇರಿಸಿದರು. ನಮ್ಮ ಎದೆ ಡವಗುಟ್ಟಿತು. ಅವರು ಕಿವಿ ಮುರಿದ ಅಳತೆಪಾತ್ರೆಯನ್ನು ಕೈಯಲ್ಲಿ ಹಿಡಿದು, "ಬಳಸಿದ್ದೀರಲ್ಲಮ್ಮ, ಅಷ್ಟು ಸಾಕು," ಎಂದು ರುಜು ಹಾಕಿದರು. ಆ ಒಂದು ರುಜುವು ಇನ್ನೊಂದು ಐನೂರು ರೂಪಾಯಿಗೆ ಸಮನಾಗಿದ್ದಿತು.

ಇನ್ನು ಸಣ್ಣ ಹಣದ ದೋಷಗಳನ್ನೂ ಮುಚ್ಚಿಡದೆ ಹೇಳಬೇಕು. ಮೊದಲನೆಯದು ಕಾಲ. ಬಿತ್ತನೆ ಮುಗಿದ ಮೇಲೆ ಬಂದ ಬೀಜದಂತೆ ಮಾರ್ಚಿಯಲ್ಲಿ ಬಂದ ಅನುದಾನವು ರಸೀತಿಯಾಗುವುದೇ ಹೊರತು ಪಾಠವಾಗದು. ಎರಡನೆಯದು ಮೇಲಿನವರ ಸಲಹೆ. ಇಂತಹ ಅಂಗಡಿಯಲ್ಲಿ ಇಂತಹ ಕಂತೆಯನ್ನೇ ಕೊಳ್ಳಿರೆಂದು ಬಾಯಿಮಾತಿನಲ್ಲಿ ಹೇಳುವವರು ಎಲ್ಲ ಕಾಲದಲ್ಲಿಯೂ ಇರುವರು. ಆಗ ಹಣವು ಹೆಸರಿಗೆ ಮಾತ್ರ ಉಪಾಧ್ಯಾಯರದು. ಹಳೆಯ ಪೆಟ್ಟಿಗೆಯೇ ಬೇರೆ ವೇಷದಲ್ಲಿ ಬಂದಂತೆ.

ಮೂರನೆಯ ದೋಷವು ಉಪಾಧ್ಯಾಯರಿಗೂ ಗೃಹಸ್ಥರಿಗೂ ಸೇರಿದುದು. ಇನ್ನೊಂದು ವರ್ಷ ನಮಗೆ ಬಡಮಕ್ಕಳ ಮೇಲೆ ಕನಿಕರ ಬಂದು, ಆ ಐನೂರರಲ್ಲಿ ನೋಟುಪುಸ್ತಕ, ಪೆನ್ಸಿಲುಗಳನ್ನು ತಂದು ಹಂಚಿದೆವು. ಊರವರು ಹೊಗಳಿದರು. ಮರುವರ್ಷ ಜೂನ್ ತಿಂಗಳಲ್ಲಿ ಅನುಕೂಲವಾಗಿದ್ದ ಮನೆಗಳ ಮಕ್ಕಳೂ ಬರಿಗೈಯಲ್ಲಿ ಬಂದರು. ಕೇಳಿದರೆ, "ಇಸ್ಕೂಲಲ್ಲೇ ಕೊಡ್ತಾರಲ್ಲ, ಟೀಚರಮ್ಮ!" ಎಂದರು. ನಾವು ಕೊಟ್ಟುದರಿಂದ ಮಕ್ಕಳಿಗೆ ಹೆಚ್ಚಾದುದೇನೂ ಇಲ್ಲ. ಮನೆಯ ಚೀಲದಿಂದ ಹೋಗುತ್ತಿದ್ದುದು ಶಾಲೆಯ ಚೀಲದಿಂದ ಹೋಯಿತು, ಅಷ್ಟೇ.

ಇದು ನಮ್ಮ ಹಳ್ಳಿಯ ವಿಚಿತ್ರವಿರಬೇಕೆಂದು ಬಹುಕಾಲ ಎಣಿಸಿದ್ದೆವು. ಹಾಗಲ್ಲವೆಂದು ಆಮೇಲೆ ತಿಳಿಯಿತು. ೨೦೦೫ರಿಂದ ಎರಡು ಶಾಲಾವರ್ಷ ಆಂಧ್ರಪ್ರದೇಶದ ಗ್ರಾಮಾಂತರದಲ್ಲಿ, ಚೀಟಿ ಎತ್ತಿದಂತೆ ಆರಿಸಿದ ನೂರು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಒಂದೊಂದಕ್ಕೆ ಸುಮಾರು ೧೦,೦೦೦ ರೂಪಾಯಿಯಂತೆ ಮಕ್ಕಳ ಸಾಮಗ್ರಿಗಾಗಿ ಅನುದಾನವನ್ನು ಕೊಟ್ಟು, ಕೊಡದಿದ್ದ ಶಾಲೆಗಳೊಡನೆ ಹೋಲಿಸಿ ನೋಡಿದರು. ಹಣದ ಹೆಚ್ಚು ಭಾಗ ಪುಸ್ತಕ, ನೋಟುಪುಸ್ತಕ, ಬರೆಯುವ ಸಾಮಾನುಗಳಿಗೆ ಹೋಯಿತು. ಮೊದಲನೆಯ ವರ್ಷ ಮಕ್ಕಳ ಕಲಿಕೆ ಸ್ಪಷ್ಟವಾಗಿ ಮೇಲೇರಿತು. ಎರಡನೆಯ ವರ್ಷವೂ ಅಷ್ಟೇ ಹಣ. ಆದರೆ ಈ ಸಲ ಮನೆಗಳವರಿಗೆ ಮೊದಲೇ ತಿಳಿದಿದ್ದಿತು. ಅವರು ಮಕ್ಕಳ ಓದಿಗೆ ತಾವು ಮಾಡುತ್ತಿದ್ದ ಖರ್ಚನ್ನು ಕಡಮೆ ಮಾಡಿದರು. ಕಲಿಕೆಯಲ್ಲಿ ಹಿಂದಿನಂತಹ ಏರಿಕೆ ಕಾಣಲಿಲ್ಲ. ಜಿಷ್ಣು ದಾಸ್, ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಮೊದಲಾದ ಅರ್ಥಶಾಸ್ತ್ರಜ್ಞರು ೨೦೧೩ರಲ್ಲಿ ಇದನ್ನು ಪ್ರಕಟಿಸಿದರು. ಆಫ್ರಿಕಾದ ಜಾಂಬಿಯಾ ದೇಶದಲ್ಲಿಯೂ ಅವರು ಕಂಡುದು ಇಂತಹುದನ್ನೇ. ಇದಕ್ಕಾಗಿ ಬಡವರನ್ನು ನಿಂದಿಸುವಂತಿಲ್ಲ. ಒಂದು ಕಡೆ ಉಳಿದ ಹಣವನ್ನು ಇನ್ನೊಂದು ಅವಶ್ಯಕತೆಗೆ ಹೊಂದಿಸುವುದು ಸಂಸಾರಿಗಳ ಧರ್ಮವೇ. ಆದರೆ ಉಪಾಧ್ಯಾಯರು ಇದರಿಂದ ಕಲಿಯತಕ್ಕ ಪಾಠವುಂಟು. ಮನೆಯವರು ಹೇಗೂ ಕೊಳ್ಳುವುದನ್ನು ಶಾಲೆಯ ಸಣ್ಣ ಹಣದಿಂದ ಕೊಳ್ಳಬಾರದು. ಯಾವ ಮನೆಯೂ ಒಬ್ಬ ಮಗುವಿಗಾಗಿ ಕೊಳ್ಳಲಾರದುದನ್ನು ಮೂವತ್ತು ಮಕ್ಕಳಿಗಾಗಿ ಕೊಳ್ಳಬೇಕು. ಪೆನ್ಸಿಲಿಗೂ ತಕ್ಕಡಿಗೂ ಇರುವ ವ್ಯತ್ಯಾಸ ಇದು. ಪೆನ್ಸಿಲೂ ಇಲ್ಲದ ಕಡುಬಡವರ ಮಗುವಿಗೆ ಮಾತ್ರ ಯಾರಿಗೂ ತಿಳಿಯದಂತೆ ಒಂದನ್ನು ಕೊಟ್ಟರಾಯಿತು.

೨೦೧೧ರ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಮೂರನೆಯ ದಿನ, ಇಪ್ಪತ್ತೆಂಟರ ಒಬ್ಬ ಗೃಹಸ್ಥನು ಮಗಳ ಕೈ ಹಿಡಿದುಕೊಂಡು ಒಂದನೆಯ ತರಗತಿಗೆ ಸೇರಿಸಲು ಬಂದನು. ಮುಖವನ್ನು ನೋಡಿದೊಡನೆ ನಮಗೆ ಗುರುತಾಯಿತು. ಅವನೇ. ಅರ್ಜಿಯಲ್ಲಿ ರುಜು ಹಾಕಬೇಕಾದಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ನಿಧಾನವಾಗಿ ಬರೆದನು. ಬರೆದು, ತಲೆಯೆತ್ತಿ ಕೊಠಡಿಯನ್ನೆಲ್ಲ ನೋಡಿದನು. ಮೂಲೆಯಲ್ಲಿ ನಾಲ್ವರು ಮಕ್ಕಳು ಹತ್ತರ ಮಣಿಸರಗಳನ್ನು ಬಿಚ್ಚಿ ಹರಡಿಕೊಂಡು ಕಳೆಯುವ ಲೆಕ್ಕವನ್ನು ಮಾಡುತ್ತಿದ್ದರು. ಅವನು ಬಹಳ ಹೊತ್ತು ಅದನ್ನೇ ನೋಡಿ, "ಇವು ಆಗ ಇರ್ನಿಲ್ವಾ ಟೀಚರಮ್ಮ?" ಎಂದು ಕೇಳಿದನು.

ಇರಲಿಲ್ಲವೆಂದು ಹೇಳಿಬಿಡುವುದು ಸುಲಭವಾಗಿದ್ದಿತು. ನಾವು, "ಇದ್ದುವಪ್ಪ. ಬೀರುವಿನಲ್ಲಿದ್ದುವು," ಎಂದೆವು.

ಅವನು ಏನನ್ನೂ ಹೇಳಲಿಲ್ಲ. ಮಗಳನ್ನು ಕರೆದೊಯ್ದು ಆ ಮಕ್ಕಳ ಪಕ್ಕದಲ್ಲಿ ಕುಳ್ಳಿರಿಸಿ, ಒಂದು ಮಣಿಯನ್ನು ಕೈಗೆ ತೆಗೆದುಕೊಂಡು ನೋಡಿ, ಮತ್ತೆ ಸರದ ಪಕ್ಕದಲ್ಲಿಟ್ಟು ಹೊರಟುಹೋದನು. ೨೦೧೪ರಲ್ಲಿ ನಾವು ನಿವೃತ್ತರಾದೆವು. ಆ ಹುಡುಗಿ ಆಗ ನಾಲ್ಕನೆಯ ತರಗತಿಗೆ ಬಂದಿದ್ದಳು. ಕಳೆಯುವ ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇದರಿಂದ ನಮ್ಮ ಹಳೆಯ ಸಾಲ ತೀರಿತೆಂದು ನಾವು ಎಣಿಸುವುದಿಲ್ಲ. ಮಗಳಿಗೆ ಕೊಟ್ಟುದು ತಂದೆಗೆ ಕೊಡಬೇಕಾದುದಕ್ಕೆ ಜಮೆಯಾಗದು.

ಉಪಾಧ್ಯಾಯರ ಹೆಸರಿನಲ್ಲಿ ಬರುತ್ತಿದ್ದ ಆ ಐನೂರು ಇಂದು ಪ್ರತ್ಯೇಕವಾಗಿ ಬರುವುದಿಲ್ಲ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆಯನ್ನನುಸರಿಸಿ ಇಡೀ ಶಾಲೆಗೆ ಒಂದೇ ಗಂಟಾಗಿ ಅನುದಾನ ಬರುವುದು. ಅದರಲ್ಲಿ ಹತ್ತರಲ್ಲೊಂದು ಪಾಲಾದರೂ ಶುಚಿತ್ವಕ್ಕೆ ಹೋಗತಕ್ಕದ್ದು. ಪ್ರಾಥಮಿಕ ಶಾಲೆಗೆ ಪುಸ್ತಕಗಳಿಗಾಗಿ ವರ್ಷಕ್ಕೆ ೫,೦೦೦ ರೂಪಾಯಿಯವರೆಗೆ ಬೇರೆ ಅನುದಾನವೂ ಉಂಟು. ಒಂದೇ ಗಂಟಿನಲ್ಲಿ ಬಂದಾಗ ಸೋರುವ ಮಾಡು, ಕರೆಂಟಿನ ಬಿಲ್ಲು ಇವುಗಳ ಕೂಗು ಮೊದಲು ಕೇಳಿಸುವುದು ಸ್ವಾಭಾವಿಕ. ಮಣಿಯೂ ಕಥೆಯ ಪುಸ್ತಕವೂ ಬಾಯಿ ಬಿಟ್ಟು ಕೇಳುವುದಿಲ್ಲ. ಅವುಗಳ ಪರವಾಗಿ ಕೇಳುವವರು ಯಾರಾದರೂ ಬೇಕು.

ಇಲ್ಲಿಯೇ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಕರ್ನಾಟಕದಲ್ಲಿ ೨೦೦೧ರಿಂದ ಪ್ರತಿಯೊಂದು ಸರ್ಕಾರಿ ಶಾಲೆಗೂ ತಂದೆತಾಯಿಗಳೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅದರ ಸಭೆಗೆ ಕರೆ ಬಂದಾಗ ಕೆಲಸದ ನೆವ ಹೇಳದೆ ಹೋಗಿರಿ. ಹೋದಾಗ 'ಹಣ ಎಷ್ಟು ಬಂದಿತು?' ಎಂಬುದರ ಜತೆಗೆ 'ಮಕ್ಕಳ ಕೈಗೆ ಏನು ಬಂದಿತು?' ಎಂಬುದನ್ನೂ ಕೇಳಿರಿ. ಉಪಾಧ್ಯಾಯಿನಿಯು ತಂದ ಸಾಮಾನು ಸವೆದಿದ್ದರೆ ಆಕ್ಷೇಪಿಸಬೇಡಿರಿ. ಹೊಸದಾಗಿಯೇ ಇದ್ದರೆ ಏಕೆಂದು ಕೇಳಿರಿ. ಶಾಲೆಯಲ್ಲಿ ಒಂದು ಪುಸ್ತಕ ಕೊಟ್ಟರೆಂದು ಮನೆಯಲ್ಲಿ ಕೊಡತಕ್ಕ ಪುಸ್ತಕವನ್ನು ನಿಲ್ಲಿಸಬೇಡಿರಿ. ಅನುಕೂಲವಂತರು ಮಗುವಿನ ಹುಟ್ಟುಹಬ್ಬದಂದು ತರಗತಿಗೆ ಮಿಠಾಯಿ ಹಂಚುವುದರ ಜತೆಗೆ ಒಂದು ಕಥೆಯ ಪುಸ್ತಕವನ್ನು ಶಾಲೆಗೆ ಕೊಟ್ಟರೆ, ಮಿಠಾಯಿಯ ರುಚಿ ಒಂದು ಗಳಿಗೆಯಾದರೆ ಪುಸ್ತಕದ ರುಚಿ ಹತ್ತು ವರ್ಷ ಉಳಿಯುವುದು.

ನಮ್ಮ ತಂಗಿಯ ಮಗಳು ರಜ ಮುಗಿದು ಹೊರಡುವ ದಿನ ಅವಳ ಚೀಲದಲ್ಲಿ ಒಂದು ಚೀಟಿಯಿದ್ದಿತು. ಅದರಲ್ಲಿ ಸಾಮಾನುಗಳ ಹೆಸರು ಒಂದೂ ಇರಲಿಲ್ಲ; ಹನ್ನೊಂದು ಮಕ್ಕಳ ಹೆಸರುಗಳೂ, ಒಬ್ಬೊಬ್ಬರ ಮುಂದೆ ಅವರಿಗೆ ಹತ್ತದಿರುವ ಪಾಠವೂ ಇದ್ದುವು. ಅದನ್ನು ನೋಡಿ ನಮಗೆ ಎರಡು ಸಾವಿರ ರೂಪಾಯಿಯ ವಿಷಯದಲ್ಲಿ ಚಿಂತೆ ಹೋಯಿತು. ಯಜಮಾನರು ಈ ಸಲ ಗಾದೆಯನ್ನು ಹೇಳಲಿಲ್ಲ. ಒಳಗೆ ಹೋಗಿ, ತಾವು ಅಂಚೆ ಕಛೇರಿಯಲ್ಲಿದ್ದಾಗ ಕಾಗದಗಳನ್ನು ತೂಗುತ್ತಿದ್ದಂತಹುದೇ, ಆಮೇಲೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಆಸೆಪಟ್ಟು ಕೊಂಡಿದ್ದ ಪುಟ್ಟ ಹಿತ್ತಾಳೆಯ ತಕ್ಕಡಿಯನ್ನು ತಂದು, ಬಟ್ಟೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟು, "ಬೀರುವಿನಲ್ಲಿಡಬೇಡಮ್ಮ," ಎಂದರು.